ಕ್ಯಾಮರಾದ ಹಸುರು ಟೊಪ್ಪಿ

ಪೊಲೀಸ್ ಕ್ವಾರ್ಟರ್ಸ್, ಮಂಗಳೂರು
೧೨ ನವೆಂಬರ್ ೨೦೨೫, ಬುಧವಾರ

ನನ್ನ ಮುದ್ದು ಪ್ರಣೀತಾಳಿಗೆ,

ಅಜ್ಜಿ ಇನ್ನೂ ಸತ್ತಿಲ್ಲ, ಅದೇ ಕ್ಷೇಮ. ಮೂರನೇ ಕ್ಲಾಸಿನ ಅಕ್ಷರ, ನಗಬೇಡ. ನಿಮ್ಮ ಎಸ್‌ಐ ತರಬೇತಿಯಲ್ಲಿ ಫೋನು ಕೊಡುವುದು ಭಾನುವಾರ ಮಾತ್ರ. ಭಾನುವಾರ ನಿನ್ನ ಅಪ್ಪ ಪಕ್ಕದಲ್ಲೇ ಕೂತಿರುತ್ತಾನೆ. ಹಾಗಾಗಿ ಈ ಕಾಗದ.

ಹೊಡೆಯದೆ ವಿಚಾರಿಸುವುದು ಹೇಗೆಂದು ಈಗ ಪೊಲೀಸರಿಗೆ ಪಾಠ ಉಂಟು ಎಂದು ನೀನು ಹೇಳಿದ್ದೆಯಲ್ಲ. ನಿನ್ನ ಅಪ್ಪ ನಕ್ಕಿದ್ದ. "ಪಾಠ ಮಾಡುವವರು ಒಂದು ವಾರ ನಮ್ಮ ಠಾಣೆಯಲ್ಲಿ ಕೂತು ನೋಡಲಿ ಮಾರಾಯ್ತಿ" ಎಂದಿದ್ದ. ನಾನೂ ನಕ್ಕಿದ್ದೆ. ಆ ನಗು ಈಗ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಆಟಿ ತಿಂಗಳಲ್ಲಿ ಅವನು ಬಂದು, ಠಾಣೆಯ ಕ್ಯಾಮರಾಕ್ಕೆ ಧೂಳು ಕೂರುತ್ತದೆ, ಒಂದು ಟೊಪ್ಪಿ ಹೊಲಿದು ಕೊಡಮ್ಮ ಎಂದ. ಆ ಮಳೆಯಲ್ಲಿ ಎಂತ ಧೂಳು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಸರ್ಕಾರಕ್ಕೂ ನನ್ನ ಹೊಲಿಗೆ ಬೇಕಾಯಿತಲ್ಲ ಎಂಬ ಜಂಬ. ನಿನ್ನ ಶಾಲೆಯ ಹಸುರು ಲಂಗವನ್ನು ಸೊಂಟದ ಪಟ್ಟಿ ಸಮೇತ ಕತ್ತರಿಸಿ, ಎಲಾಸ್ಟಿಕ್ ಹಾಕಿ ಕೊಟ್ಟೆ. ಆಮೇಲೆ ನಾಲ್ಕು ಸಲ ಅವನ ಯೂನಿಫಾರ್ಮಿನ ಜೊತೆ ಅದನ್ನು ಒಗೆದು, ಮಡಚಿ ಕೊಟ್ಟಿದ್ದೇನೆ.

ಹೋದ ಶುಕ್ರವಾರ ಜೆಪ್ಪುವಿನ ಕ್ರಿಸ್ಟಿನ್ ಟೀಚರ್ ಬಂದಿದ್ದರು. ಅವರ ಮಗ ಗ್ಲೆನ್, ಮೊಬೈಲ್ ರಿಪೇರಿಯವನು, ಕದ್ದ ಫೋನು ತೆಗೆದುಕೊಂಡಿದ್ದಾನೆಂದು ಠಾಣೆಗೆ ಒಯ್ದಿದ್ದರು. ಈಗ ಕೈಗೆ ಪ್ಲಾಸ್ಟರ್. ಅಂಗಿಯ ತೋಳು ಹೋಗುವುದಿಲ್ಲ, ಹೊಲಿಗೆ ಬಿಚ್ಚಿ ಕೊಡಿ ಎಂದು ಮೂರು ಅಂಗಿ ತಂದಿದ್ದರು. ಮೆಟ್ಟಿಲಲ್ಲಿ ಬಿದ್ದ ಎಂದು ಬರೆದಿದ್ದಾರಂತೆ. "ಅಲ್ಲಿ ಇರುವುದೇ ಎರಡು ಮೆಟ್ಟಿಲು ಅಮ್ಮ, ಕೈ ಮೂರು ಕಡೆ ಮುರಿಯುತ್ತದಾ?" ಎಂದರು. ಕ್ಯಾಮರಾದಲ್ಲಿ ನೋಡಿದರೆ ನಲವತ್ತು ನಿಮಿಷ ಬರೀ ಹಸುರಂತೆ.

ಕಡೆಗೆ ಅವರು ಹೇಳಿದ್ದು ಕೇಳು. "ನಿಮ್ಮ ಮಗ ಮೋಹನದಾಸ್ ಇದ್ದಿದ್ದರೆ ಹೀಗಾಗಲು ಬಿಡ್ತಿರಲಿಲ್ಲ. ಆ ದಿನ ಅವರಿಗೆ ರಜೆ ಇರಬೇಕು."

ರಜೆ ಇರಲಿಲ್ಲ. ಬುತ್ತಿ ಕಟ್ಟಿ ಕೊಟ್ಟವಳು ನಾನೇ. ಚಾ ಕುಡಿದು ಹೋಗಿ ಟೀಚರ್ ಎಂದೆ.

ಸಂಜೆ ಅವನನ್ನು ಕೇಳಿದೆ. ಮೊದಲು ಗದರಿದ. "ಮೇಲಿನವರು ನಾಳೆಯೊಳಗೆ ಕಳ್ಳ ಬೇಕು ಅಂತಾರೆ. ಕಳ್ಳ ಮರದಲ್ಲಿ ಬಿಡ್ತಾನಾ?" ಆಮೇಲೆ ಸ್ವರ ಇಳಿಯಿತು. "ನಾನು ಕೈ ಎತ್ತಲಿಲ್ಲಮ್ಮ. ಟೊಪ್ಪಿ ಹಾಕಿದ್ದು ಮಾತ್ರ." ಅವನು ಹಾಕಿದ್ದು ಮಾತ್ರ, ನಾನು ಹೊಲಿದದ್ದು ಮಾತ್ರ. ಹಾಗಾದರೆ ಗ್ಲೆನ್‌ನ ಕೈ ಮುರಿದದ್ದು ಭೂತವಾ?

ಬರುವ ಸೋಮವಾರ ಇದರ ತನಿಖೆಗೆ ಹೊರಗಿನ ಆಫೀಸರ್ ಬರುತ್ತಾರೆ. ಟೊಪ್ಪಿ ಒಗೆಯುವ ಬುಟ್ಟಿಯಲ್ಲಿತ್ತು. ಚೂರು ಮಾಡಿ ಬಿಸಾಡು ಎಂದ. ಮರುದಿನ ಕೇಳಿದಾಗ ಕಸದ ಗಾಡಿಗೆ ಹೋಯಿತು ಎಂದೆ. ಎರಡು ದಿನದಿಂದ ಸರಿಯಾಗಿ ಉಣ್ಣದವನು ಅವತ್ತು ಹೊಟ್ಟೆ ತುಂಬ ಉಂಡ.

ನಾನು ಬಾಯಿ ಬಿಟ್ಟರೆ ಅವನ ಕೆಲಸ, ಈ ಮನೆ ಎರಡೂ ಹೋಗುತ್ತವೆ. ನಿನ್ನ ಹೆಗಲಿಗೆ ಬರುವ ನಕ್ಷತ್ರವನ್ನೂ ಜನ ಆಡಿಕೊಳ್ಳುತ್ತಾರೆ. ಬಿಡದಿದ್ದರೆ ಗ್ಲೆನ್ ಜೀವಮಾನವಿಡೀ ಕಳ್ಳ, ಮೇಲಿಂದ ಮೆಟ್ಟಿಲಲ್ಲಿ ಬಿದ್ದವ. ಇಲ್ಲಿ ಬಾಗಿಲು ತೆಗೆದರೂ ಪೊಲೀಸ್, ಕಿಟಕಿ ತೆಗೆದರೂ ಪೊಲೀಸ್. ನಾನು ದೂರು ಕೊಡಲು ಎಲ್ಲಿಗೆ ಹೋಗಲಿ?

ಎರಡು ಅಂಗಿಯ ತೋಳು ಬಿಚ್ಚಿ ಆಯಿತು. ಮೂರನೆಯದಕ್ಕೆ ಕೈ ಏಳುವುದಿಲ್ಲ. ನಾಳೆ ಟೀಚರ್ ಬರುತ್ತಾರೆ.

ಪೆರೇಡ್ ಎಂದು ಹಸಿದುಕೊಂಡು ಇರಬೇಡ.

ನಿನ್ನ ಅಜ್ಜಿ,
ವಾರಿಜಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದದ್ದು ಈಗ. ಟೊಪ್ಪಿ ಕಸಕ್ಕೆ ಹೋಗಲಿಲ್ಲ. ಈ ಪಾರ್ಸೆಲ್ಲಿನಲ್ಲಿ, ನಿನಗೆ ಹೊಲಿದ ಹೊಸ ಚೂಡಿದಾರದ ಮಡಿಕೆಯೊಳಗೆ ಉಂಟು. ಈ ಸಲ ಒಗೆಯಲಿಲ್ಲ. ಆಗ ಶಾಲೆಯ ಹಾಸ್ಟೆಲಿನಲ್ಲಿ ಕಳೆದುಹೋಗಬಾರದೆಂದು ಲಂಗದ ಪಟ್ಟಿಯ ಒಳಗೆ ಕೆಂಪು ನೂಲಿನಲ್ಲಿ ಹಾಕಿದ್ದ ನಿನ್ನ ಹೆಸರೂ ಹಾಗೆಯೇ ಉಂಟು. ಬಿಚ್ಚಲು ಕೂತೆ, ಆಗಲಿಲ್ಲ. ಶನಿವಾರ ನಿನ್ನ ಕೈ ಸೇರುತ್ತದೆ ಎಂದರು. ಇಂಥದ್ದನ್ನು ಪೊಲೀಸರಿಗೆ ಕೊಡಬೇಕಲ್ಲ, ಕೊಟ್ಟಿದ್ದೇನೆ.