ಅನ್ನನಾಳಕ್ಕೆ ಕಟ್ಟಿದ ಸಾರುವೆ

ಮಕ್ಕಳ ಆಸ್ಪತ್ರೆ, ಎರಡನೇ ಮಹಡಿ
ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ನನ್ನ ಮಗಳಂಥ ಸೊಸೆಗೆ,

ಹೇಗಿದ್ದೀಯೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲಾ ನಿನ್ನ ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಮುಸುಕು ಹಾಕಿಕೊಂಡೇ ಬಿದ್ದಿದ್ದೀಯಾ? ಬೆನ್ನುನೋವು ಹೇಗಿದೆ? ಫೋನು ಎತ್ತುವುದಿಲ್ಲ ಎಂದು ಹಟ ಹಿಡಿದವಳಿಗೆ ಕಾಗದ ಬರೆಯದೆ ಇನ್ನೇನು ಮಾಡಲಿ ಹೇಳು. ನಿನ್ನ ಗಂಡನ ಕೈಯಲ್ಲೇ ಕಳಿಸುತ್ತಿದ್ದೇನೆ. ಬಾಗಿಲು ತೆಗೆಯದಿದ್ದರೆ ಸಂದಿಯಿಂದ ತೂರಿಸು ಎಂದಿದ್ದೇನೆ. ಅವನೋ, ಬಾಯಲ್ಲಿ ಬೆರಳಿಟ್ಟರೂ ಕಚ್ಚಲು ಬಾರದವನು. ಅವನು ಹೇಳಿ ನೀನು ಕೇಳುವುದು ಆಗದ ಮಾತು.

ಮೊದಲು ಒಳ್ಳೆಯ ಸುದ್ದಿ. ಆಪರೇಷನ್ ಆಯಿತು, ನಿನ್ನ ಮಗಳು ಪಾಪಚ್ಚಿ ಉಳಿದುಕೊಂಡಳು. ಕಟ್ಟಿಕೊಂಡ ಸಿಂಕಿಗೆ ಸುರಿಯುವ ಆ ಹಾಳು ಔಷಧಿ ಕುಡಿದು ಸುಟ್ಟುಹೋಗಿದ್ದ ಅನ್ನನಾಳದ ಭಾಗವನ್ನು ಕತ್ತರಿಸಿ, ಅಲ್ಲಿಗೆ ಹೊಸದನ್ನು ಹೊಲಿದಿದ್ದಾರೆ. ಅವಳ ತೊಡೆಯಿಂದ ಸ್ನಾಯುವಿನ ಚೂರು ತೆಗೆದದ್ದು ನಿನಗೆ ಗೊತ್ತೇ ಇದೆ. ಆಮೇಲಿನದನ್ನು ನೀನು ನೋಡಬೇಕಿತ್ತು. ಲ್ಯಾಬಿನ ಹುಡುಗಿ ನನ್ನನ್ನು ಕರೆದೊಯ್ದು ಗಾಜಿನಾಚೆಯಿಂದ ತೋರಿಸಿದಳು: ಕೂದಲಿಗಿಂತ ತೆಳ್ಳನೆಯ ಎಳೆಗಳಲ್ಲಿ ನೇಯ್ದ ಬಿಳಿ ಕೊಳವೆ, ಎಳೆಗೂಸಿನ ಕಾಲುಚೀಲದಷ್ಟು. “ಅಜ್ಜಿ, ಕಟ್ಟಡಕ್ಕೆ ಸಾರುವೆ ಕಟ್ತಾರಲ್ಲ, ಹಾಗೆ ಇದು. ಸ್ನಾಯು ಬೆಳೆದು ಗಟ್ಟಿಯಾದ್ಮೇಲೆ ತಾನಾಗೇ ಕರಗಿಹೋಗುತ್ತೆ” ಎಂದಳು. ಅದರ ಮೇಲೆ ಪಾಪಚ್ಚಿಯದೇ ಜೀವಕೋಶಗಳನ್ನು ಬಿತ್ತಿ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಒಂದು ಯಂತ್ರ ಅದನ್ನು ಎಳೆಯುತ್ತಿತ್ತು, ಬಿಡುತ್ತಿತ್ತು, ಮತ್ತೆ ಎಳೆಯುತ್ತಿತ್ತು. ಯಾಕಮ್ಮಾ ಪಾಪ ಹಿಂಸೆ ಕೊಡುತ್ತೀರಿ ಎಂದೆ. ಕೆಲಸ ಕೊಡದಿದ್ದರೆ ಸ್ನಾಯು ಸೋಮಾರಿಯಾಗಿ ಸೊರಗುತ್ತದಂತೆ. ಈ ಮಾತು ಕುರ್ಚಿ ಬಿಟ್ಟೇಳದ ನಿನ್ನ ಮಾವನ ಕಿವಿಗೆ ಬೀಳಬೇಕಿತ್ತು ಎಂದು ಇಬ್ಬರೂ ನಕ್ಕೆವು. ಆವತ್ತು ನಗುವಷ್ಟು ಧೈರ್ಯವಿತ್ತು ಕಣೇ.

ಈಗಿಲ್ಲ. ಹೊಲಿಗೆ ಎಲ್ಲೂ ಸೋರುತ್ತಿಲ್ಲ, ಎಕ್ಸ್‌ರೇಯಲ್ಲಿ ದಾರಿ ತೆರೆದೇ ಇದೆ. ಆದರೆ ಇನ್ನು ಎಳೆದು ಬಿಡುವ ಕೆಲಸ ಯಂತ್ರದ್ದಲ್ಲ, ಮಗುವಿನದು. ಚಮಚ ಚಮಚ ನೀರು ನುಂಗಿದರೆ ಹೊಸ ಸ್ನಾಯು ಹಿಂಡುವುದನ್ನು ಕಲಿಯುತ್ತದೆ. ಇಲ್ಲದಿದ್ದರೆ ಗಾಯ ಕುಗ್ಗಿ ದಾರಿ ಮುಚ್ಚಿಕೊಳ್ಳುತ್ತದೆ. ನಮ್ಮ ಮಗು ನುಂಗುತ್ತಿಲ್ಲ. ಬಾಯಿಗೆ ಹಾಕಿದ್ದನ್ನೆಲ್ಲ ಬಟ್ಟಲಿಗೆ ಉಗುಳುತ್ತಾಳೆ, ತನ್ನ ಜೊಲ್ಲನ್ನೂ ಬಿಡದೆ. ನೋವಾ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾಳೆ. ಕಥೆ ಹೇಳಿದೆ, ಮುದ್ದು ಮಾಡಿದೆ, ಕಡೆಗೆ ತಡೆಯಲಾರದೆ ಗದರಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಡಾಕ್ಟರು ಶುಕ್ರವಾರದ ತನಕ ಕಾಯುತ್ತಾರಂತೆ. ಆಮೇಲೆ ಇದನ್ನೆಲ್ಲ ಕಿತ್ತುಹಾಕಿ, ಹೊಟ್ಟೆಯನ್ನೇ ಎದೆಯೊಳಗೆ ಮೇಲಕ್ಕೆಳೆದು ಗಂಟಲಿಗೆ ಹೊಲಿಯುತ್ತಾರಂತೆ. ಮತ್ತೊಂದು ಸಲ ಕೊಯ್ದರೆ ತಡೆದುಕೊಳ್ಳುತ್ತಾಳಾ ಎಂದು ಕೇಳಿದೆ. ಭರವಸೆ ಕೊಡಲಾರೆ ಎಂದರು. ಆವಾಗಿನಿಂದ ಗಂಟೆಗೊಂದು ಸಲ ಚಮಚ ಹಿಡಿದು ಅವಳ ಮುಂದೆ ಕೂರುತ್ತಿದ್ದೇನೆ.

ಆ ಸಿಂಕಿನ ಔಷಧಿಯನ್ನು ಜ್ಯೂಸ್ ಬಾಟಲಿಗೆ ಸುರಿದಿಟ್ಟವಳು ನೀನೇ, ಹೌದು. ಅಲ್ಲವೆಂದು ಸುಳ್ಳು ಹೇಳಿ ಸಮಾಧಾನ ಮಾಡುವವಳಲ್ಲ ನಾನು. ಡಬ್ಬ ಸೋರುತ್ತಿತ್ತು, ಕೈಗೆ ಸಿಕ್ಕಿದ್ದಕ್ಕೆ ಸುರಿದೆ; ಅಡುಗೆಮನೆಯಲ್ಲಿ ಹಾಗೆ ಮಾಡದವರು ಯಾರಿದ್ದಾರೆ? ಮಗುವಿಗೆ ಮುಖ ತೋರಿಸಲಾರೆ ಎಂದು ಹೊರಟುಹೋದೆಯಲ್ಲ, ಆ ಸಂಕಟ ನನಗೆ ಅರ್ಥವಾಗುತ್ತದೆ. ಅಳಬೇಡ ಎನ್ನುವುದಿಲ್ಲ, ಇಲ್ಲಿಗೆ ಬಂದು ಅಳು. ಅತ್ತೆ ಬಯ್ಯುತ್ತಾಳೆಂಬ ಭಯವೋ? ಬಯ್ಯುತ್ತೇನೆ, ಬಿಡುತ್ತೇನೆಯೇ! ಎಲ್ಲ ಸರಿಹೋದ ಮೇಲೆ ನಿನ್ನ ತಲೆ ಬಾಚುತ್ತಾ ಸಾವಕಾಶವಾಗಿ ಬಯ್ಯುತ್ತೇನೆ.

ನಿನ್ನ ಅಕ್ಕನನ್ನು ಕೇಳಿದೆನೆಂದು ಹೇಳು. ಎಲ್ಲಿದ್ದರೂ ತಣ್ಣಗಿರು ಎಂದು ಹರಸಲು ನನಗೆ ಮನಸ್ಸಿಲ್ಲ. ನಮ್ಮ ಜೊತೆಯಲ್ಲಿ ತಣ್ಣಗಿರು.

ನಿನ್ನ ಅತ್ತೆ

ತಾ.ಕ.: ಕಾಗದ ಮಡಿಸಿ ನಿನ್ನ ಗಂಡನ ಕೈಗೆ ಕೊಟ್ಟಾಗಿತ್ತು, ಕಿತ್ತುಕೊಂಡು ಬರೆಯುತ್ತಿದ್ದೇನೆ. ನುಂಗು ನುಂಗು ಎಂದೆವೇ ಹೊರತು ಯಾಕೆ ನುಂಗುವುದಿಲ್ಲ ಎಂದು ನಾವ್ಯಾರೂ ಅವಳನ್ನು ಕೇಳಿರಲಿಲ್ಲ. ಈಗಷ್ಟೇ ಬಾಯಿ ಒರೆಸುತ್ತಾ ನರ್ಸು ಕೇಳಿದಳು. ಪಾಪಚ್ಚಿ ಅವಳ ಕಿವಿಯಲ್ಲಿ ಹೇಳಿದಳಂತೆ: “ನಾನು ಅದನ್ನ ನುಂಗಿದ್ದಕ್ಕೇ ಅಮ್ಮ ಬಿಟ್ಟುಹೋದ್ಲು. ಇನ್ಮೇಲೆ ಏನೂ ನುಂಗಲ್ಲ. ಆಗ ಬರ್ತಾಳೆ.” ಉಟ್ಟ ಬಟ್ಟೆಯಲ್ಲೇ ಹೊರಡು ತಾಯೀ.