ಮುಖ ತಿರುಗಿಸಿದ ಸಿಪಾಯಿ

ಶಿವಾಜಿನಗರ,
೧೪ ಜೂನ್ ೨೦೦೩

ಅಕ್ಕಯಮ್ಮಕ್ಕನಿಗೆ ಬದ್ರುನ್ನೀಸಾಳ ಸಲಾಮು.

ನಿಮ್ಮ ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೀರಿ, ಮದುವೆಯಲ್ಲಿ ಕಣ್ಣಾರೆ ನೋಡಿಯೇ ಬಂದೆ. ನೀನು ಕಳಿಸಿದ ಚಿರೋಟಿ ತಲುಪಿತು. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಮೊದಲು ಬರೆದದ್ದರಲ್ಲಿ ಬರೀ ಬೈಗುಳವಿತ್ತು, ಹರಿದು ಹಾಕಿದೆ. ಇದರಲ್ಲಿ ಸ್ವಲ್ಪ ಕಡಿಮೆ.

ಒಂಬತ್ತು ವರ್ಷದ ಹಿಂದೆ ಹಿಂದೂ-ಮುಸ್ಲಿಂ ಗಲಾಟೆಯಾದಾಗಿನ ಆ ಕರ್ಫ್ಯೂ ನೆನಪಿದೆಯಾ? ಕೆ.ಆರ್. ಪುರದಿಂದ ಸೊಪ್ಪು ಮಾರಲು ಬಂದ ನೀನು ಗಲಾಟೆಯಲ್ಲಿ ಸಿಕ್ಕಿ, ಚಪ್ಪಲಿಯನ್ನೂ ಕಳೆದುಕೊಂಡು ನಮ್ಮ ಬಾಗಿಲು ಬಡಿದೆ. ಕರ್ಫ್ಯೂ ಮುಗಿಯುವವರೆಗೂ ನಿನ್ನ ಬುಟ್ಟಿಯ ದಂಟಿನ ಸೊಪ್ಪು, ನಮ್ಮ ಮನೆಯ ಅಕ್ಕಿ, ಅದೇ ಊಟ. ವೀಡಿಯೋ ಅಂಗಡಿಯೂ ಮುಚ್ಚಿತ್ತು. ನಮ್ಮೆಜಮಾನರು ಬಾಡಿಗೆಗೆ ತಂದಿದ್ದ ಇಂಗ್ಲಿಷ್ ಯುದ್ಧದ ಸಿನಿಮಾ ಒಂದನ್ನೇ ಮತ್ತೆ ಮತ್ತೆ ನೋಡಿದೆವು. ಮರಳುಗಾಡಿನಲ್ಲಿ ವಿಮಾನ ಬಿದ್ದು, ಶತ್ರುಗಳಾದ ಇಬ್ಬರು ಸಿಪಾಯಿಗಳು ಮಾತ್ರ ಉಳಿಯುತ್ತಾರೆ. ಒಬ್ಬನ ಕಾಲು ಮುರಿದಿದೆ. ಇನ್ನೊಬ್ಬ ಅವನನ್ನು ವಿಮಾನದ ಬಾಗಿಲ ಮೇಲೆ ಮಲಗಿಸಿ ಎಳೆಯುತ್ತಾನೆ. ಭಾಷೆ ಬಾರದ ನಾವು ಮಾತುಗಳನ್ನು ನಾವೇ ಕಟ್ಟುತ್ತಿದ್ದೆವು. ನೀನು, "ಮೆಲ್ಲಗೆ ಎಳಿಯೋ, ಸೊಂಟ ಬಿದ್ದೋಯ್ತು" ಅಂದರೆ ನಗು ತಡೆಯಲಾಗುತ್ತಿರಲಿಲ್ಲ.

ಕೊನೆಗೆ ಕಾಲು ಮುರಿದವನ ಕಡೆಯ ಲಾರಿ ಬರುತ್ತದೆ. ಆಫೀಸರ್ ಇಳಿದು, ಎಳೆದು ತಂದವನತ್ತ ಬೆರಳು ತೋರಿಸಿ ಏನೋ ಕೇಳುತ್ತಾನೆ. ಕಾಲು ಮುರಿದವನು ಮುಖ ತಿರುಗಿಸಿಬಿಡುತ್ತಾನೆ. ಪ್ರತಿ ಸಲವೂ ನೀನು ಟೀವಿಗೇ ಬೈಯುತ್ತಿದ್ದೆ: "ಥೂ ನಿನ್ನ! ನಮ್ಮೋನು ಅನ್ನೋಕೆ ನಾಲಿಗೆ ಬಿದ್ದೋಯ್ತದಾ?"

ನಿನ್ನ ನಾಲಿಗೆಗೆ ಏನಾಗಿತ್ತು ಅಕ್ಕಾ? ನಿನ್ನ ಮಗ ಶ್ರೀನಿವಾಸನ ಮದುವೆಗೆ ಬಾ ಬಾ ಎಂದು ನೀನು ಪ್ರಾಣ ತಿಂದೆ ಅಂತಲೇ ಬಂದೆ. ಇಂದಿರಾನಗರದ ಆ ದೊಡ್ಡ ಛತ್ರದಲ್ಲಿ ನಿನ್ನ ಬೀಗಿತ್ತಿ ನನ್ನ ಬುರ್ಖಾ ನೋಡಿ, "ಇವ್ರು ಯಾರು?" ಅಂದರು. ನೀನು ಸೆರಗು ಸರಿಮಾಡಿಕೊಂಡು, "ನಮ್ಗೆ ಬ್ಲೌಸ್ ಹೊಲಿಯೋರು" ಅಂದುಬಿಟ್ಟೆ. ನನಗೆ ಒಂದು ಗುಂಡಿ ಹಾಕಲೂ ಬಾರದಲ್ಲೇ! ಆಕೆ ಖುಷಿಯಾಗಿ, "ಹಂಗಾದ್ರೆ ನಂದೂ ಒಂದು ಹೊಲ್ಕೊಡಿ" ಅಂದರು. ನಿನ್ನ ಮಾನ ಹೋಗಬಾರದೆಂದು ತಲೆಯಾಡಿಸಿದೆ. ಅಲ್ಲಿಗೇ ಮುಗಿಯಿತೆಂದುಕೊಂಡರೆ, ಈಗ ಚಿರೋಟಿಯ ಡಬ್ಬಿಯ ಜೊತೆ ಅವರ ಬ್ಲೌಸ್ ಪೀಸು! "ಎಲ್ಲಾದ್ರೂ ಹೊಲಿಸಿ ಕಳ್ಸು ಬದ್ರು, ಬೀಗ್ರ ಮುಂದೆ ನನ್ನ ಮರ್ಯಾದೆ" ಎಂದು ಹೇಳಿ ಕಳಿಸಿದ್ದೀಯ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುತ್ತಾರೆ. ನಿನಗೆ ದಾಟಿದ ಮೇಲೂ ಅಂಬಿಗ ಬೇಕು, ಬ್ಲೌಸ್ ಹೊಲಿಸಲು.

ಬಟ್ಟೆ ಹಾಗೇ ವಾಪಸ್ ಕಳಿಸಿದ್ದೇನೆ. ನಾನು ಯಾರೆಂದು ಹೇಳಿ, ಅವರ ಕೈಗೆ ಕೊಡು. ಹೇಳಲಾಗದಿದ್ದರೆ ನಮ್ಮ ಬಾಗಿಲಿಗೆ ಬರಬೇಡ.

ಮದುಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಶ್ರೀನಿವಾಸ, ಭವ್ಯ ನೂರು ಕಾಲ ಸುಖವಾಗಿರಲಿ.

ಇಂತಿ,
ಸೂಜಿ ಹಿಡಿಯಲು ಬಾರದ
ಬದ್ರುನ್ನೀಸಾ

ಮರೆತಿದ್ದೆ: ನೀನು ಹಾಗೆ ಅಂದಾಗ ನನ್ನ ಮಗಳು ಸುರಯ್ಯಾ ನನ್ನ ಪಕ್ಕದಲ್ಲೇ ಇದ್ದಳು. ಕರ್ಫ್ಯೂವಿನಲ್ಲಿ ನಿನ್ನ ತೊಡೆಯ ಮೇಲಲ್ಲದೆ ಮಲಗದಿದ್ದ ಹುಡುಗಿ. ಮನೆಗೆ ಬಂದು ಕೇಳಿದಳು: "ಅಮ್ಮೀ, ದೊಡ್ಡಮ್ಮನ್ನ ಇನ್ಮೇಲೆ ಏನಂತ ಕರೀಲಿ?"