ಠ ಅಕ್ಷರದ ಚುಕ್ಕಿ

ಅಣ್ಣಿಗೇರಿ, ನವೆಂಬರ್ ೧೯, ಬುಧವಾರ



ಮೊಮ್ಮಗಳು ಇಂಚರಾ ಈಗಷ್ಟೇ ನಡೆಯಲು ಕಲಿಯುತ್ತಿದ್ದಾಳೆ. ಫರಸಿಕಲ್ಲಿನ ನೆಲದ ಮೇಲೆ ಬಿದ್ದು ಪೆಟ್ಟಾದೀತೆಂದು ಮೆತ್ತನೆಯ ಮ್ಯಾಟ್ ತರಿಸಲು ಹೊರಟೆ. ‘ಸಾದಾದ್ದು ತರಸವ್ವಾ’ ಅಂದಿದ್ದಳು ಮಗಳು ನಂದಾ. ಅಕ್ಷರದ ಮ್ಯಾಟ್ ಎಂದದ್ದಕ್ಕೆ ಬಾಜು ಮನೆಯ ರೇವವ್ವ ನಕ್ಕಿದ್ದಳು: ‘ಕೌದಿ ನಾಕು ಮಡಚಿ ಹಾಸ್ರಿ ಅಕ್ಕೋರ. ಹಾಲು ಬಿಡೂಕಿಂತ ಮೊದ್ಲ ಸಾಲಿಗೆ ಹಚ್ಚತೀರೇನು?’ ನಾನು ಆರಿಸಿದ್ದು ಕನ್ನಡ ಅಕ್ಷರಗಳನ್ನು ಕಿತ್ತು ಜೋಡಿಸಬಹುದಾದ ಬಿಡಿ ತುಂಡುಗಳಾಗಿ ಕೂರಿಸಿದ ಮ್ಯಾಟ್. ಎಂ.ಎ. ಓದಿದವಳ ಹಮ್ಮು.

ಸಂಜೆ ಅವಳನ್ನು ಅದರ ಮೇಲೆ ಬಿಟ್ಟು, ಪಕ್ಕದಲ್ಲೇ ಕವಿತೆ ಓದುತ್ತ ಕೂತಿದ್ದೆ. ಪುಟ ತಿರುವಿ ನೋಡಿದರೆ ಮಗುವಿನ ತುಟಿ ನೀಲಿಯಾಗಿತ್ತು. ಬಾಯಿ ತೆರೆದಿತ್ತು, ಅಳು ಇರಲಿಲ್ಲ. ನಾನು ಒಮ್ಮೆ ಕೂಗಿದೆ, ಅಷ್ಟೇ. ಕಟ್ಟೆಯ ಮೇಲೆ ಕೌದಿ ಹೊಲಿಯುತ್ತಿದ್ದ ರೇವವ್ವ ಓಡಿ ಬಂದು, ಕೂಸನ್ನು ತೊಡೆಯ ಮೇಲೆ ಬೋರಲು ಹಾಕಿ ಬೆನ್ನಿಗೆ ಗುದ್ದಿದಳು. ಠ ಅಕ್ಷರದ ನಡುವಿನ ಚುಕ್ಕಿ ಹೊರಬಿತ್ತು. ಆಮೇಲೆ ಅಳು.

‘ಉಸುರು ಬಂತ್ರಿ, ಕೂಡ್ರಿ ನೀವು’ ಅಂದಳು.

ಇಂಚರಾ ಅವಳ ಕೌದಿಯ ಮೇಲೆಯೇ ಮಲಗಿದ್ದಾಳೆ. ಮಗುವನ್ನು ನನ್ನ ಬಳಿ ಬಿಟ್ಟುಹೋದ ನಂದಾ ನಾಳೆ ಕುಂದಗೋಳದಿಂದ ಬರುತ್ತಾಳೆ. ಅವಳಿಗೆ ಹೇಳಬೇಕು. ಚುಕ್ಕಿ ಡೈರಿಯ ಈ ಪುಟದ ಮೇಲಿದೆ. ಅದರಲ್ಲಿ ಎರಡು ಸಣ್ಣ ಹಲ್ಲಿನ ಗುರುತು.